ಅಡುಗೆಮನೆಯಿಂದ ಜಗಲಿಗೆ

ಮೊದಲ ವರ್ಷದ ಇಂಗ್ಲಿಷ್ ಕ್ಲಾಸಿನಲ್ಲಿ ಹೊಸ ಮೇಡಂ, ಹಿಂದಿನ ರಾತ್ರಿ ಮನೆಯಲ್ಲಿ ಊಟದ ಹೊತ್ತಿಗೆ ಯಾರು ಏನು ಮಾತಾಡಿದರೆಂದು ಒಂದು ಪುಟ ಬರೆದು ತರಲು ಹೇಳಿದಾಗ ನನಗೆ ತಕ್ಷಣ ಗುಮಾನಿ ಬಂತು. ಧಾರವಾಡ ಕಡೆಯಿಂದ ಕುಮಟೆಗೆ ಬಂದು ತಿಂಗಳಾಗದ ಹೆಂಗಸಿಗೆ ನಮ್ಮ ಮನೆಯ ಮಾತು ಯಾಕೆ ಬೇಕು? ಅಮ್ಮ ನನ್ನನ್ನು ಸಂಶಯದ ಪಿಶಾಚಿ ಎಂದೇ ಬೈಯುತ್ತಿದ್ದಳು. ಬಸ್ಸಿನಲ್ಲಿ ಯಾರಾದರೂ ಸುಮ್ಮನೆ ನಕ್ಕರೂ ಪರ್ಸು ಮುಟ್ಟಿ ನೋಡಿಕೊಳ್ಳುವವಳು ನಾನು.

ಈ ಸಲ ಹೆದರಲು ಕಾರಣವೂ ಇತ್ತು. ಹಳದೀಪುರದ ನಮ್ಮ ಮನೆಯಲ್ಲಿ ಅಪ್ಪ ಅಮ್ಮ ಮಾತು ಬಿಟ್ಟು ಎರಡು ವರ್ಷ ದಾಟಿತ್ತು. ಚಿಕ್ಕಮ್ಮನ ಮದುವೆಯಲ್ಲಿ 'ಊಟಕ್ಕೆ ಏಳಿ' ಎಂದು ತನ್ನನ್ನು ಯಾರೂ ಕರೆಯಲಿಲ್ಲವೆಂದು ಅಪ್ಪ ಮುನಿಸಿಕೊಂಡು ಎದ್ದು ಬಂದಿದ್ದ. ತವರಿನವರೆದುರು ಮಾನ ಹೋಯಿತೆಂದು ಅಮ್ಮ ಅವನ ಹತ್ತಿರ ಮಾತು ನಿಲ್ಲಿಸಿದಳು. ಅಂದಿನಿಂದ ಅಡುಗೆಮನೆಯ ಮಾತನ್ನು ಜಗಲಿಗೂ ಜಗಲಿಯದನ್ನು ಅಡುಗೆಮನೆಗೂ ಸಾಗಿಸುವವಳು ನಾನು. ಇದು ಊರಿಗೆ ಗೊತ್ತಾಗಬಾರದಿತ್ತು. ಅಂದದ್ದನ್ನು ಅಂದ ಹಾಗೇ ಸಾಗಿಸಿದ್ದರೆ ಮನೆ ಎಂದೋ ಮುರಿಯುತ್ತಿತ್ತು. 'ನಿನ್ನ ಅಪ್ಪಂಗೆ ಕೈಕಾಲು ಬಿದ್ದೋಗಿದ್ಯಾ ಕೇಳು' ಎಂದು ಅಮ್ಮ ಅಂದರೆ, 'ಅಪ್ಪಾ, ಪುರುಸೊತ್ತಾದಾಗ ಗ್ಯಾಸ್ ತರ್ಬೇಕಂತೆ' ಎನ್ನುತ್ತಿದ್ದೆ.

ಗೆಳತಿಯರೆಲ್ಲ ಆ ಪುಟವನ್ನು ಫೋನಿನಲ್ಲಿರುವ ಎಐ ಹತ್ತಿರ ಬರೆಸಿಕೊಂಡರು. ನನಗೆ ಫೋನಿನ ಮೇಲೂ ನಂಬಿಕೆ ಇರಲಿಲ್ಲ, ಅದು ಯಾರ ಹತ್ತಿರ ಹೇಳುತ್ತದೋ. ನಾನೇ ಹರಕು ಇಂಗ್ಲಿಷಿನಲ್ಲಿ ಬರೆದೆ. ಅಪ್ಪ ಅಮ್ಮ ಮಾತಾಡುತ್ತ ಊಟ ಮಾಡಿದರೆಂದು, ನಾನು ಸಾಗಿಸಿದ ಮಾತುಗಳನ್ನೇ ಅವರ ಬಾಯಿಗೆ ಹಾಕಿದೆ.

ವಾರದ ಮೇಲೆ ಮೇಡಂ ನನ್ನೊಬ್ಬಳನ್ನೇ ಸ್ಟಾಫ್ ರೂಮಿಗೆ ಕರೆದರು. ಬಾಗಿಲು ಯಾಕೆ ಮುಂದೆ ಮಾಡಿದರೋ!

'ಇದರಾಗ ನಿಮ್ಮಪ್ಪ, ನಿಮ್ಮವ್ವ ಇಬ್ಬರೂ ಒಂದ ದನಿಯೊಳಗ ಮಾತಾಡ್ಯಾರ. ಅದು ನಿನ್ನ ದನಿ ಅನಸ್ತದ' ಎಂದರು. 'ಅವರು ಅಂದದ್ದನ್ನ ಅಂದಾಂಗ ಬರದು ತಾ.'

ಇವರಿಗೆ ಹೇಳಿದವರು ಯಾರು? ಮನೆಗೆ ಮರಳುವಾಗ ಬಸ್ಸಿನಲ್ಲಿದ್ದ ನಮ್ಮೂರಿನವರ ಮುಖಗಳನ್ನೆಲ್ಲ ಜಾಲಾಡಿದೆ. ಇಳಿಯುವಷ್ಟರಲ್ಲಿ ಹೊಳೆಯಿತು, ಹೇಳಿದ್ದು ನಾನು ಬರೆದ ಪುಟವೇ. ಹೆದರಿಕೆಯ ಜೊತೆಗೆ ನನ್ನ ಮೇಲೆ ಸಿಟ್ಟೂ ಬಂತು. ಅಷ್ಟು ದಿನ ಇಬ್ಬರ ಮಾತು ಹೊತ್ತು ತಿರುಗಿದವಳು, ಬರೆಯಲು ಕೂತಾಗ ಅವರದೊಂದು ಮಾತನ್ನೂ ಬರೆದಿರಲಿಲ್ಲ.

ಆ ಸಂಜೆ ಅಮ್ಮ ಅಡುಗೆಮನೆಯಿಂದ, 'ಹಿತ್ತಲ ಬಲ್ಬ್ ಹೋಗಿ ವಾರ ಆತು ಹೇಳು ನಿನ್ನ ಅಪ್ಪಂಗೆ. ನಾ ಕತ್ತಲಲ್ಲಿ ಬಿದ್ದು ಸತ್ರೆ ಇವ್ರಿಗೆ ಎಂತ!' ಎಂದಳು. ಜಗಲಿಗೆ ಹೋಗಿ ಒಂದಕ್ಷರ ಬಿಡದೆ ಒಪ್ಪಿಸಿದೆ.

ಅಪ್ಪ ಪೇಪರಿನಿಂದ ತಲೆ ಎತ್ತಿದ. 'ಇವತ್ತು ಎಂತ ಆತು ನಿಂಗೆ? ದಿನಾ ಚಂದ ಮಾಡಿ ಹೇಳ್ತಿದ್ದೆ.'

ಅಡುಗೆಮನೆಗೂ ಜಗಲಿಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಊರನ್ನೆಲ್ಲ ಅನುಮಾನಿಸಿದ ನನಗೆ, ಇವರಿಬ್ಬರಿಗೂ ಎಲ್ಲ ಕೇಳಿಸುತ್ತಿದೆ ಎಂಬ ಅನುಮಾನ ಒಮ್ಮೆಯೂ ಬಂದಿರಲಿಲ್ಲ.

'ನಾಳೆ ಬಲ್ಬ್ ಹಾಕ್ತೆ ಅಂತ ಹೇಳು' ಎಂದ ಅಪ್ಪ, ಗೋಡೆಯ ಕಡೆ ಮುಖ ಮಾಡಿ, ಸ್ವಲ್ಪ ಜೋರಾಗಿಯೇ. ನಾನು ಕದಲಲಿಲ್ಲ.

'ಕೇಳ್ತು' ಎಂದಳು ಅಮ್ಮ ಒಳಗಿಂದ.