ಜೀಪು ಹತ್ತಿಸಿದ ದೊಡ್ಡಮ್ಮ

ನಿನ್ನೆ ಕುಶಾಲನಗರದಲ್ಲಿ, ಕೊಳ್ಳೋಣವೆಂದುಕೊಂಡ ಕಾರಿನ ಬಾಗಿಲು ತೆರೆದೆ. ಒಳಗಿನ ಸೀಟಿನ ವಾಸನೆಗೆ ದೊಡ್ಡಮ್ಮ ನೆನಪಾದರು.

ನನ್ನ ಚಿಕ್ಕಂದಿನಲ್ಲಿ ಏರಿನ ಮೇಲಿದ್ದ ನಮ್ಮ ಮನೆಗೆ ಬಸ್ಸು ಬರುತ್ತಿರಲಿಲ್ಲ. ಕಾಲು ಸೋತ ಅಜ್ಜಿಯನ್ನು ಆಸ್ಪತ್ರೆಗೆಂದು ಕುರ್ಚಿಯಲ್ಲೇ ಹೊತ್ತು ಇಳಿಸುತ್ತಿದ್ದರು. ಒಂದು ದಿನ ಸುಂಟಿಕೊಪ್ಪದವರೊಬ್ಬರು ಹಳೆಯ ಜೀಪು ಮಾರಲು ತಂದರು. ಅಪ್ಪ ಬಾನೆಟ್ ಎತ್ತಿ ನೋಡಿದರು, ಟಯರು ಒದ್ದು ನೋಡಿದರು. ಕೊಳ್ಳುವ ಧೈರ್ಯ ಬರಲಿಲ್ಲ.

ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು, "ಕೀ ಕೊಡಿ" ಎಂದರು.

"ನಿಮಗೆ ಓಡ್ಸಕ್ಕೆ ಬತ್ತದಾ ಅಮ್ಮಾ?" ಎಂದರು ಜೀಪಿನವರು.

"ತವರಲ್ಲಿ ಟ್ರ್ಯಾಕ್ಟರ್ ಓಡಿಸ್ತಿದ್ದೆ."

ಅದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟವರು, ಏರಿನ ನಡುವೆ ಜೀಪು ನಿಲ್ಲಿಸಿ, ಚೂರೂ ಹಿಂದಕ್ಕೆ ಜಾರದಂತೆ ಮತ್ತೆ ಮೇಲೆ ಹತ್ತಿಸಿದರು. ನಾನು ಆ ಬಳೆ ತೊಟ್ಟ ಕೈಗಳನ್ನೇ ನೋಡುತ್ತಿದ್ದೆ.

"ಎಂಜಿನ್ ಗಟ್ಟಿ ಅದೆ, ತಗಳಿ" ಎಂದರು ಅಪ್ಪನಿಗೆ. ಜೀಪು ನಮ್ಮಲ್ಲೇ ಉಳಿಯಿತು.

"ಯಜಮಾನ್ರು ಓಡಿಸಿ ನೋಡ್ತಾರಾ ಮೇಡಂ?" ಎಂದು ನಿನ್ನೆ ಕಾರು ತೋರಿಸುತ್ತಿದ್ದವರು ಕೇಳಿದರು. ನಾನಾಗಲೇ ಸ್ಟಿಯರಿಂಗ್ ಹಿಡಿದು ಕುಳಿತಿದ್ದೆ.