ಎರಡನೆಯ ಸಲ ಕೇಳಿದವರು

ಜನಾಭಿಪ್ರಾಯ ಸಂಗ್ರಹವೆಂಬ ಚಪ್ಪಾಳೆಯಿಲ್ಲದ ಕೆಲಸಕ್ಕೆ ಮರ್ಯಾದೆ ತಂದವರು ಯಾರೆಂದು ಕೇಳಿದರೆ, ನಮ್ಮ ಕಚೇರಿಯಲ್ಲಿ ಎಲ್ಲರ ಬೆರಳೂ ಒಬ್ಬರತ್ತಲೇ ತಿರುಗುತ್ತದೆ. ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಅವರನ್ನು ನಾವು ‘ಮರುಪ್ರಶ್ನೆ ಸಾಹೇಬರು’ ಎಂದೇ ಕರೆಯುತ್ತ ಬಂದಿದ್ದೇವೆ.

ಅವರ ಪದ್ಧತಿ ಸರಳವಾಗಿತ್ತು. ಯಾರ ಮನೆಗೆ ಹೋದರೂ ಒಮ್ಮೆ ಪ್ರಶ್ನೆ ಕೇಳಬೇಕು. ಆಮೇಲೆ ಯೋಜನೆಯ ನಕ್ಷೆ ಬಿಡಿಸಿ, ಕೂತು, ಅದೂ ಇದೂ ಮಾತಾಡಿ, ಏಳುವ ಮುನ್ನ ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಬೇಕು. ಲೆಕ್ಕಕ್ಕೆ ಬರುವುದು ಎರಡನೆಯ ಉತ್ತರ ಮಾತ್ರ. ಅವರ ಪತ್ನಿ ಒಮ್ಮೆ ನಗುತ್ತ ಹೇಳಿದ್ದರು: “ಮದುವೆಗೆ ಮುಂಚೆ ನನ್ನನ್ನೂ ಎರಡು ಸಲ ಒಪ್ಪಿಗೇನಾ ಅಂತ ಕೇಳಿದ್ರು. ಎರಡನೇ ಸಲ ಬೇಡ ಅಂದಿದ್ರೆ ಬಚಾವಾಗ್ತಿದ್ದೆ!”

ಹನ್ನೊಂದು ವರ್ಷಗಳ ಹಿಂದೆ ಅತಿವೇಗದ ರೈಲು ಮಾರ್ಗ ಬೇಕೇ ಬೇಡವೇ ಎಂದು ಎಂಟುನೂರು ಮನೆಗಳಲ್ಲಿ ಕೇಳಿ ಬರುವ ಹೊಣೆ ನಮ್ಮದಾಯಿತು. ಇನ್ನೂರು ಮನೆ ನನ್ನ ಪಾಲಿಗೆ ಬಂದವು. ವರದಿಗೆ ಮೇಲಿನಿಂದ ಅವಸರವಿತ್ತು, ನನಗೆ ಬಡ್ತಿಯ ಆಸೆಯಿತ್ತು. ಹಳೇ ಗೋದಾಮಿನ ಹಿಂದಿನ ಬೀದಿಯಲ್ಲಿ ಬಾಗಿಲ ಬಳಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ಹೆಂಗಸೊಬ್ಬರು, ಯಂತ್ರ ನಿಲ್ಲಿಸದೆಯೇ, “ಬೇಕು ಬಿಡಣ್ಣ, ಬೇಗ ಹೋಗೋದು ಯಾರಿಗೆ ಬೇಡ?” ಎಂದರು. ಹಳಿ ಎಲ್ಲಿ ಹಾಯುತ್ತದೆಂದು ತೋರಿಸುವ ನಕ್ಷೆ ನನ್ನ ಚೀಲದಲ್ಲೇ ಉಳಿಯಿತು. ಮೊದಲ ಉತ್ತರವನ್ನೇ ಫಾರ್ಮಿನ ಎರಡನೆಯ ಅಂಕಣಕ್ಕೂ ಇಳಿಸಿದೆ; ಇನ್ನೂರು ಮನೆಗಳಲ್ಲೂ ಹಾಗೆಯೇ ಮಾಡಿದೆ.

ನೂರಕ್ಕೆ ಅರವತ್ತು ಜನ ಬೇಕೆಂದರೆಂದು ವರದಿ ಹೋಯಿತು. ವಾರದ ನಂತರ ಫಾರ್ಮುಗಳನ್ನು ಕಟ್ಟು ಕಟ್ಟುತ್ತಿದ್ದ ಸಾಹೇಬರು ನನ್ನನ್ನು ಕರೆದು, “ಇನ್ನೂರು ಜನರಲ್ಲಿ ಒಬ್ರೂ ಮನಸ್ಸು ಬದಲಾಯಿಸ್ಲಿಲ್ವೇನಯ್ಯಾ? ಮನುಷ್ಯ ಅಷ್ಟು ಗಟ್ಟಿ ಇರಲ್ಲ” ಎಂದರು. ಆ ಹೊಲಿಗೆಯವರ ಮಾತೂ ಸೇರಿದಂತೆ ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ನನ್ನ ಫಾರ್ಮುಗಳನ್ನು ಬಿಟ್ಟರೆ, ಬೇಕೆಂದವರು ಅರ್ಧವನ್ನೂ ಮುಟ್ಟುತ್ತಿರಲಿಲ್ಲ.

ಅಂದೇ ಅವರು, ವರದಿ ತಪ್ಪಾಗಿದೆ, ತಪ್ಪು ತನ್ನದು, ಹಿಂದಕ್ಕೆ ಕೊಡಿ ಎಂದು ಮೇಲಕ್ಕೆ ಬರೆದರು. ಪತ್ರ ಮೂಲೆ ಸೇರಿತು. ಅವರು ಹಳೆಯ ಕಾಗದಗಳ ಕೋಣೆ ಸೇರಿದರು. ನನ್ನ ಹೆಸರು ಅವರ ಬಾಯಿಂದ ಹೊರಬೀಳಲೇ ಇಲ್ಲ. ಅವರ ಕುರ್ಚಿಯಲ್ಲಿ ಇಂದು ನಾನು ಕೂತಿದ್ದೇನೆ. ಗೋದಾಮಿನ ಹಿಂದಿನ ಆ ಬೀದಿ ಹೋಯಿತು, ರೈಲು ಬಂತು. ಅಲ್ಲಿ ಅದು ನಿಲ್ಲುವುದಿಲ್ಲ. ಇದನ್ನು ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ಬರೆಯಲು ನನಗೆ ನಾಚಿಕೆಯಾಗುತ್ತಿದೆ, ಬರೆಯದಿರಲು ಇನ್ನೂ ಹೆಚ್ಚು.

ಈ ಗ್ರಂಥಕ್ಕೆ ಒಪ್ಪಿಗೆ ಕೇಳಿದಾಗ ಅವರು “ಆಗಲಿ” ಎಂದಿದ್ದರು. ಅವರ ಶಿಷ್ಯನಾದ ನಾನು ಎಲ್ಲವನ್ನೂ ಬರೆಯುವೆನೆಂದು ತಿಳಿಸಿ ಎರಡನೆಯ ಸಲ ಕೇಳಿದೆ. “ಬರಿ. ಅದಕ್ಕೂ ಮೊದ್ಲು ಆ ಹೊಲಿಗೆಯಮ್ಮನ್ನ ಹುಡುಕಿ ಕೇಳ್ಕೊಂಡು ಬಾ” ಎಂದರು.

ಊರ ಇನ್ನೊಂದು ತುದಿಯ ಬಾಡಿಗೆ ಕೋಣೆಯಲ್ಲಿ ಆಕೆ ಸಿಕ್ಕರು. ನಕ್ಷೆ ಬಿಡಿಸಿ, ಕೂತು, ಕೇಳಿದೆ. ಈ ಸಲ ಯಂತ್ರ ನಿಂತಿತು. “ಈಗ್ಲೂ ರೈಲು ಬೇಡ ಅನ್ನಲ್ಲಣ್ಣ. ಆವತ್ತು ಇದನ್ನ ತೋರಿಸಿದ್ರೆ ಸ್ವಲ್ಪ ಆ ಕಡೆ ಹಾಕಿ ಅಂತಿದ್ದೆ, ಅಷ್ಟೇ. ಆ ಕಡೆ ಖಾಲಿ ಗೋದಾಮು ಇತ್ತಲ್ಲ” ಎಂದರು.

ಆ ಮಾತನ್ನು ಹಳೆಯ ಫಾರ್ಮಿನ ಎರಡನೆಯ ಅಂಕಣದಲ್ಲಿ ಬರೆದು ಸಾಹೇಬರಿಗೆ ಕೊಟ್ಟೆ. ಅವರು ಓದಿ, ಕಟ್ಟಿನಲ್ಲಿ ಅದರ ಜಾಗದಲ್ಲೇ ಇಟ್ಟರು.

ಪೂಜ್ಯರು ಆರೋಗ್ಯವಂತರಾಗಿ ಬಹುಕಾಲ ಬಾಳಲಿ, ನಮ್ಮ ಜೊತೆಗಿರಲಿ. ಇನ್ನೂ ನೂರತೊಂಬತ್ತೊಂಬತ್ತು ಮನೆಯವರನ್ನು ಹುಡುಕಬೇಕಾಗಿದೆ.