ಆಕೆಗೊಂದು ಕಾಲುಂಗುರ

ನಮ್ಮ ನವಲಗುಂದದ ಎರೆಹೊಲ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲಕ್ಕೆ ಬಿರಿಯುತ್ತದೆ. ನಾನು ಚಿಕ್ಕವಳಿದ್ದಾಗ, ಬೆರಳು ಬಾತಿದೆಯೆಂದು ಅವ್ವ ತೆಗೆದುಕೊಟ್ಟ ಒಂದು ಕಾಲುಂಗುರವನ್ನು ಅಂಥ ಬಿರುಕಿನಲ್ಲಿ ಬೀಳಿಸಿದೆ. ಅಪ್ಪ ಹೆಗಲವರೆಗೆ ಕೈ ಹಾಕಿದ, ಜೋಳದ ದಂಟು ಇಳಿಬಿಟ್ಟ, ತಳ ಸಿಗಲಿಲ್ಲ.

"ಇದರ ಆಳ ನನಗೂ ಗೊತ್ತಿಲ್ಲ, ಮಗಳ" ಎಂದ. ಬಿತ್ತನೆಯಿಂದ ಬಸ್ಸಿನ ವೇಳೆಯವರೆಗೆ ಎಲ್ಲ ಬಲ್ಲವನಂತೆ ಗದರುತ್ತಿದ್ದ ಅಪ್ಪ ಹಾಗೆ ಅಂದದ್ದಕ್ಕೇ ನಾನು ಅತ್ತೆ. ಮಳೆ ಬಂದು ಬಿರುಕು ಮುಚ್ಚಿತು.

ಅವ್ವ ಮತ್ತೊಂದು ಮಾಡಿಸಲೇ ಇಲ್ಲ; ಉಳಿದ ಒಂದನ್ನೇ ಹಾಕಿಕೊಂಡಳು. ಈ ಸಲ ಶೀಗಿ ಹುಣ್ಣಿಮೆಗೆ, ಬಸುರಿ ಭೂಮಿಗೆಂದು ಬಯಕೆಯ ಊಟ ಚೆಲ್ಲುತ್ತಿದ್ದಾಗ, ಹೊಸ ಜೋಡಿ ಕೊಡಿಸುತ್ತೇನೆಂದೆ.

ಅವ್ವ ಸಿಡುಕಿದಳು. "ಸುಮ್ನಿರಬೇ. ಬಸುರಿ ಬೆರಳು ಬೋಳ ಇರಬಾರ್ದು. ಒಂದ ನನಗ, ಒಂದ ಆಕಿಗೆ."